ಒಂದೂವರೆ ದಿನದ ಕಾಶಿ

ನಮ್ಮ ಮದುವೆಗಳಲ್ಲಿ ವರ ಛತ್ರಿ ಹಿಡಿದು ಕಾಶಿಯಾತ್ರೆಗೆ ಹೊರಡುತ್ತಾನೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹೆಣ್ಣಿನ ಕಡೆಯವರು ವಾಪಸ್ ಕರೆತರುತ್ತಾರೆ. ಈಗಿನ ಟೂರುಗಳೂ ಅಷ್ಟೇ ಎಂದರೆ ನೆಂಟರಿಗೆ ಸಿಟ್ಟು ಬರುತ್ತೆ. ಬರಲಿ ಬಿಡಿ.

ನಿವೃತ್ತನಾದ ಮೇಲೆ ಮಗಳ ಜೊತೆ ಇಲ್ಲೇ ಕಾಶಿಯ ಲಂಕಾ ಬಡಾವಣೆಯಲ್ಲಿದ್ದೇನೆ. ಬಂದುಹೋಗುವ ಕನ್ನಡಿಗರ ವೇಳಾಪಟ್ಟಿ ನನಗೆ ಬಾಯಿಪಾಠ. ಮೊದಲ ದಿನ ವಿಶ್ವನಾಥ, ಅನ್ನಪೂರ್ಣೆ, ವಿಶಾಲಾಕ್ಷಿ. ಸಂಜೆ ದಶಾಶ್ವಮೇಧದಲ್ಲಿ ಆರತಿ. ಮರುದಿನ ಬೆಳಿಗ್ಗೆ ದೋಣಿ, ಸೀರೆ ಅಂಗಡಿ, ಸಾರನಾಥಕ್ಕೆ ಮುಕ್ಕಾಲು ಗಂಟೆ. ಮಧ್ಯಾಹ್ನ ಪ್ರಯಾಗದ ಬಸ್ಸು. ಕೊನೆಗೊಂದು ಷರಾ: "ಊರು ಕೊಳಕು ಕಣ್ರೀ!"

2021ರ ಡಿಸೆಂಬರಿನಲ್ಲಿ ವಿಶ್ವನಾಥ ಕಾರಿಡಾರ್ ಉದ್ಘಾಟನೆಯಾಯಿತು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿದರ್ಶನದ ರೈಲು ಹೊರಟಿತು. ಕರ್ನಾಟಕ ಸರ್ಕಾರ ಆಗ ತಲಾ 5,000 ರೂಪಾಯಿ ಸಹಾಯಧನ ಕೊಟ್ಟಿತು. ಒಳ್ಳೆಯದೇ, ಕಾಶಿ ಕಾಣದವರು ಕಂಡರು. ನನ್ನ ತಕರಾರು ಬರುವುದಕ್ಕಲ್ಲ, ಓಡುವುದಕ್ಕೆ.

ಹನುಮಾನ್ ಘಾಟ್, ಹರಿಶ್ಚಂದ್ರ ಘಾಟ್‌ಗಳ ನಡುವೆ ಕರ್ನಾಟಕದ್ದೇ ಹೆಸರಿನ ಘಾಟ್ ಇದೆ, ಮೈಸೂರು ಸಂಸ್ಥಾನದ ಕಾಲದ್ದು. ದೋಣಿಯಲ್ಲಿ ಅದರ ಮುಂದೆಯೇ ಹೋದವರು ಮೆಟ್ಟಿಲು ಹತ್ತೋಲ್ಲ. ಗೋದೌಲಿಯಾ ಬಳಿಯ ಜಂಗಮವಾಡಿ ಮಠದಲ್ಲಿ ಸಾವಿರಾರು ಶಿವಲಿಂಗಗಳಿವೆ. ಹಿಂದೂ ವಿಶ್ವವಿದ್ಯಾಲಯದ ಮೊದಲ ಚಾನ್ಸೆಲರ್ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಇದನ್ನೆಲ್ಲ ಹೇಳೋಣವೆಂದರೆ ಕೇಳಲು ಯಾರಿಗೆ ಪುರುಸೊತ್ತು?

ಹೋದ ವರ್ಷ ನಮ್ಮಕ್ಕ ಬಂದಿದ್ದಳು. ಅವಳಿಗೆ 78 ವರ್ಷ. ತಮ್ಮನ ಮನೆಗೆ ಬರಲು ಪಟ್ಟಿಯಲ್ಲಿ ಜಾಗವಿರಲಿಲ್ಲ. ಆರತಿ ಮುಗಿದ ನೂಕುನುಗ್ಗಲಲ್ಲಿ ಹತ್ತು ನಿಮಿಷ ಸಿಕ್ಕಳು. "ಗಂಗೆ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋಬೇಕು ಅಂತಿತ್ತು ಕಣೋ, ಬಿಡ್ಲಿಲ್ಲ" ಅಂದಳು. ಅಷ್ಟರಲ್ಲಿ ಟೂರಿನವರು ಸೀಟಿ ಊದಿದರು. ಇನ್ನೊಮ್ಮೆ ಬರೋ ಶಕ್ತಿ ಅವಳ ಮಂಡಿಗಿಲ್ಲ.

ನಾನೂ ಸಾಚಾ ಅಲ್ಲ. 1992ರಲ್ಲಿ ಬ್ಯಾಂಕಿನ ಎಲ್‌ಎಫ್‌ಸಿ ಪಡೆದು, ಹೆಂಡತಿ ಮಕ್ಕಳನ್ನು ಕರಕೊಂಡು ಬಂದು ಒಂದೂವರೆ ದಿನದಲ್ಲಿ ಕಾಶಿ ಮುಗಿಸಿದವನೇ. ಟಿಕೆಟ್ಟುಗಳನ್ನು ಜೋಪಾನ ಮಾಡಿದ್ದೆ, ಬಿಲ್ಲು ಪಾಸಾಯಿತು. ನೋಡಿದ್ದೇನು ಅಂತ ಕೇಳಿದರೆ ನೆನಪಿಲ್ಲ.

ಕಾಶಿಗೆ ಬಂದವರು ಏನಾದರೊಂದು ಬಿಡಬೇಕು ಅನ್ನೋ ಪದ್ಧತಿ ಇದೆಯಲ್ಲ? ಮೊದಲೇ ತಿನ್ನದ ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಬದಲು ಅವಸರ ಬಿಡಿ ಸ್ವಾಮೀ. ಪಟ್ಟಿಯಲ್ಲಿ ನಾಲ್ಕು ಸ್ಥಳ ಹೊಡೆದುಹಾಕಿ. ಒಂದು ಬೆಳಿಗ್ಗೆ ಆ ಕರ್ನಾಟಕ ಘಾಟಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತುಕೊಳ್ಳಿ. ಜೊತೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಮೊದಲು ಕೂರಿಸಿ. ಟೂರಿನವರು ಒಪ್ಪದಿದ್ದರೆ ಜಗಳ ಆಡಿ, ದುಡ್ಡು ನಿಮ್ಮದು.