ಹಳೆಯ ಹಾಡು, ಹೊಸ ಮೋಸ

ಒಂದೇ ಸರಕನ್ನು ಒಬ್ಬನೇ ಗಿರಾಕಿಗೆ ಎಷ್ಟು ಬಾರಿ ಮಾರಬಹುದು? ಪಾಶ್ಚಾತ್ಯ ರಾಕ್ ಸಂಗೀತದ ಕಂಪೆನಿಗಳು ಈ ಲೆಕ್ಕದಲ್ಲಿ ಎಲ್ಲರನ್ನೂ ಮೀರಿಸಿವೆ. 1970ರ ದಶಕದಲ್ಲಿ ಎಲ್‌ಪಿ ರೆಕಾರ್ಡಾಗಿ ಬಂದ ಆಲ್ಬಮನ್ನು ಅದರ ಅಭಿಮಾನಿ ಮುಂದೆ ಕ್ಯಾಸೆಟ್ಟಾಗಿ, ಆಮೇಲೆ ಸಿಡಿಯಾಗಿ, ಬಳಿಕ 'ರೀಮಾಸ್ಟರ್' ಸಿಡಿಯಾಗಿ, 2000ದ ನಂತರ ಆರು ಸ್ಪೀಕರುಗಳ ಸರೌಂಡ್ ಡಿಸ್ಕಾಗಿ, ಈಗ ಡಾಲ್ಬಿ ಅಟ್ಮೋಸ್ ಆಗಿ ಮತ್ತೆ ಮತ್ತೆ ಕೊಂಡಿದ್ದಾನೆ. ಪ್ರತಿ ಬಾರಿಯೂ ಹೊದಿಕೆಯ ಮೇಲೆ ಒಂದೇ ಭರವಸೆ: ಹಿಂದೆಂದೂ ಕೇಳಿರದಷ್ಟು ಸ್ಪಷ್ಟ ಧ್ವನಿ. ಆದರೆ ಮನೆಗೆ ತಂದು ಕೇಳಿದರೆ ಎಷ್ಟೋ ಸಲ ಹಳೆಯದೇ ವಾಸಿ ಅನಿಸುತ್ತದೆ. ಇದನ್ನು ತಾಂತ್ರಿಕ ಲೋಪವೆಂದು ಬಿಟ್ಟುಬಿಡಲು ನಾವು ಸಿದ್ಧರಿಲ್ಲ. ಇದು ವ್ಯಾಪಾರದ ನೀತಿಗೆ ಸಂಬಂಧಿಸಿದ ಪ್ರಶ್ನೆ.

ಸಂಗೀತ ಕೇಳಬಹುದೋ ಬಾರದೋ ಎಂಬ ಚರ್ಚೆ ಮುಸ್ಲಿಮರ ನಡುವೆ ಬಹಳ ಹಳೆಯದು. ಅದು ಇಲ್ಲಿಯ ವಿಷಯವಲ್ಲ. ಆದರೆ ಮಾರಾಟದ ಸರಕಿನ ದೋಷವನ್ನು ಗಿರಾಕಿಯಿಂದ ಮುಚ್ಚಿಡಬಾರದು ಎಂಬ ಬಗ್ಗೆ ನಮ್ಮಲ್ಲಿ ಯಾವ ಭಿನ್ನಮತವೂ ಇಲ್ಲ. ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದು. ಹಾಡಿನ ರಾಶಿಯೊಳಕ್ಕೂ ಒಮ್ಮೆ ಕೈ ಹಾಕಿ ನೋಡೋಣ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ರಾಕ್ ಆಲ್ಬಮುಗಳಲ್ಲಿ ಹಾಡುಗಾರನ ದನಿ, ಗಿಟಾರ್, ಡ್ರಮ್ಸ್ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸಿ ನಂತರ ಎರಡು ಸ್ಪೀಕರುಗಳಿಗೆ ಹೊಂದುವಂತೆ ಬೆರೆಸುತ್ತಾರೆ. ಅದು ಮಿಕ್ಸಿಂಗ್. ಹೀಗೆ ಬೆರೆಸಿದ್ದನ್ನು ರೆಕಾರ್ಡಿಗೋ ಸಿಡಿಗೋ ಒಪ್ಪುವಂತೆ ಕೊನೆಯಲ್ಲಿ ಹದಗೊಳಿಸುವುದು ಮಾಸ್ಟರಿಂಗ್. ರೀಮಾಸ್ಟರ್ ಎಂದರೆ ಹಳೆಯ ಅಡುಗೆಯನ್ನೇ ಮತ್ತೆ ಬಿಸಿ ಮಾಡಿದಂತೆ. ರೀಮಿಕ್ಸ್ ಎಂದರೆ ಉಳಿದಿದ್ದ ಸಾಮಾನುಗಳಿಂದ ಹೊಸದಾಗಿ ಅಡುಗೆ ಮಾಡಿದಂತೆ. ಎರಡು ಸ್ಪೀಕರಿನ ಹಾಡು ಆರು ಸ್ಪೀಕರಿಗೆ ಹೊಂದಬೇಕಾದರೆ ರೀಮಿಕ್ಸ್ ಆಗಲೇಬೇಕು. ಆದರೂ ಎಷ್ಟೋ ಹೊದಿಕೆಗಳ ಮೇಲೆ ಈ ವ್ಯತ್ಯಾಸ ಸ್ಪಷ್ಟವಾಗಿರುವುದಿಲ್ಲ.

ಮೊದಲ ರೋಗ ಸದ್ದಿನ ಪೈಪೋಟಿ. ಎರಡು ಹಾಡುಗಳನ್ನು ಒಂದರ ಹಿಂದೊಂದು ಕೇಳಿಸಿದರೆ ಹೆಚ್ಚು ಗಟ್ಟಿಯಾಗಿರುವುದೇ ಚೆನ್ನಾಗಿದೆಯೆಂದು ಕಿವಿ ನಂಬುತ್ತದೆ. 1990ರ ದಶಕದಿಂದ ಕಂಪೆನಿಗಳು ಕಿವಿಯ ಈ ದೌರ್ಬಲ್ಯವನ್ನೇ ಬಂಡವಾಳ ಮಾಡಿಕೊಂಡವು. ಡಿಜಿಟಲ್ ಮುದ್ರಣದಲ್ಲಿ ಸದ್ದಿಗೆ ಒಂದು ಗರಿಷ್ಠ ಮಿತಿ ಇದೆ. ಆದ್ದರಿಂದ ಸರಾಸರಿ ಸದ್ದನ್ನು ಏರಿಸಬೇಕಾದರೆ ಎತ್ತರದ ಶಿಖರಗಳನ್ನು ಕತ್ತರಿಸಿ, ತಗ್ಗಿನಲ್ಲಿರುವುದನ್ನು ಮೇಲೆತ್ತಬೇಕು. ಸಿಡಿಯಲ್ಲಿ ಸುಮಾರು 96 ಡೆಸಿಬಲ್‌ಗಳ ಏರಿಳಿತಕ್ಕೆ ಅವಕಾಶವಿದ್ದರೂ ಅದರ ಒಂದು ಸಣ್ಣ ಪಾಲನ್ನಷ್ಟೇ ಬಳಸಿ ಹಾಡನ್ನು ಚಪ್ಪಟೆ ಮಾಡಿದರು. ಪಿಸುಮಾತೂ ಅಬ್ಬರವೂ ಒಂದೇ ಎತ್ತರದಲ್ಲಿ ನಿಂತವು. ಮೆಲ್ಲಗೆ ಮುದ್ರಿಸಿದ ಹಾಡನ್ನು ಕೇಳುಗ ಗುಂಡಿ ತಿರುಗಿಸಿ ಗಟ್ಟಿ ಮಾಡಿಕೊಳ್ಳಬಲ್ಲ. ಒಮ್ಮೆ ಚಪ್ಪಟೆಯಾದ ಹಾಡಿಗೆ ಏರಿಳಿತವನ್ನು ಮರಳಿ ಕೊಡಲು ಅವನಿಂದಾಗದು.

ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' 1973ರ ಆಲ್ಬಮ್. ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ 16 ಟ್ರ್ಯಾಕುಗಳ ಟೇಪಿನಲ್ಲಿ ಮುದ್ರಣಗೊಂಡು, ಕೋಟಿಗಟ್ಟಲೆ ಪ್ರತಿಗಳು ಖರ್ಚಾದ ಕೃತಿ. 2003ರಲ್ಲಿ ಅದರ 30ನೆಯ ವರ್ಷಕ್ಕೆ ಜೇಮ್ಸ್ ಗತ್ರಿ ಮಾಡಿದ 5.1 ಸರೌಂಡ್ ರೂಪ ಎಸ್‌ಎಸಿಡಿ ಡಿಸ್ಕಿನಲ್ಲಿ ಹೊರಬಂತು. ಆ ಡಿಸ್ಕಿಗೆ ಎರಡು ಪದರ: ದುಬಾರಿ ಯಂತ್ರವಿದ್ದವರಿಗೆ ಎಸ್‌ಎಸಿಡಿ ಪದರ, ಉಳಿದವರಿಗೆ ಸಾಮಾನ್ಯ ಸಿಡಿ ಪದರ. ಅಮೆರಿಕದ 'ಸ್ಟೀರಿಯೋಫೈಲ್' ಪತ್ರಿಕೆ ಎರಡನ್ನೂ ಅಳೆದು ನೋಡಿದಾಗ ಸಿಡಿ ಪದರದ ಸದ್ದನ್ನು ಒತ್ತಿ ಗಟ್ಟಿ ಮಾಡಿದ್ದು ಕಂಡುಬಂತು. ಒಂದೇ ಬೆಲೆ, ಒಂದೇ ಡಿಸ್ಕ್. ಸಾಮಾನ್ಯ ಯಂತ್ರವಿದ್ದವನಿಗೆ ಕೆಳದರ್ಜೆಯ ಸರಕು. ಎರಡನ್ನೂ ಹೋಲಿಸಿ ನೋಡಿದವನು ಹೊಸ ತಂತ್ರಜ್ಞಾನ ಎಷ್ಟು ಶ್ರೇಷ್ಠವೆಂದು ತಲೆದೂಗುತ್ತಾನೆ. ಹೋಲಿಕೆಯೇ ಸಮವಾಗಿಲ್ಲ ಎಂಬುದು ಅವನಿಗೆ ತಿಳಿಯುವುದು ಹೇಗೆ?

ಎರಡನೆಯ ರೋಗ ಸರೌಂಡಿನದ್ದೇ. ಹಳೆಯ ಆಲ್ಬಮುಗಳ ಪ್ರತಿಧ್ವನಿ, ಹಾಡು ಮೆಲ್ಲಗೆ ಕರಗುವ ರೀತಿ, ಟೇಪನ್ನು ಓಡಿಸಿ ಪಡೆದ ಚಮತ್ಕಾರಗಳು ಹೆಚ್ಚಾಗಿ ಬೆರೆಸುವ ಹೊತ್ತಿನಲ್ಲೇ ಹುಟ್ಟಿದಂಥವು. ಮೂಲ ಟ್ರ್ಯಾಕುಗಳಲ್ಲಿ ಅವು ಇರುವುದಿಲ್ಲ. ಹೊಸದಾಗಿ ಬೆರೆಸುವವನು ಹಳೆಯದನ್ನು ಮತ್ತೆ ಮತ್ತೆ ಕೇಳಿ ಇವನ್ನೆಲ್ಲ ಮರಳಿ ಕಟ್ಟಬೇಕು. ಆ ಶ್ರಮ ಬೇಡವೆಂದವನ ಕೈಯಲ್ಲಿ ಹಾಡುಗಾರನ ದನಿ ನಡುವಿನ ಸ್ಪೀಕರಿನಲ್ಲಿ ಒಂಟಿಯಾಗಿ, ಒಣಕಲಾಗಿ ಬಿದ್ದಿರುತ್ತದೆ. ಹಿಂದಿನ ಸ್ಪೀಕರುಗಳಿಂದ ಬರೀ ಮಾರ್ದನಿ, ಇಲ್ಲವೇ ಬೆಚ್ಚಿಬೀಳಿಸಲೆಂದೇ ಎಸೆದ ಒಂದು ಗಿಟಾರ್. ಮೂಲ ಟ್ರ್ಯಾಕುಗಳು ಸಿಗದಿದ್ದಾಗ ಎರಡು ಸ್ಪೀಕರಿನ ಮಿಶ್ರಣವನ್ನೇ ಸಾಫ್ಟ್‌ವೇರಿನಿಂದ ಸೀಳಿ ಸರೌಂಡ್ ಎಂದು ಕರೆಯುವುದೂ ಉಂಟು.

ಜೆನೆಸಿಸ್ ತಂಡದ ಆಲ್ಬಮುಗಳನ್ನು ನಿಕ್ ಡೇವಿಸ್ ಹೊಸದಾಗಿ ಬೆರೆಸಿ 2007 ಮತ್ತು 2008ರಲ್ಲಿ ಪೆಟ್ಟಿಗೆಗಳಾಗಿ ಹೊರತಂದಾಗ ಸರೌಂಡ್ ಮಾತ್ರವಲ್ಲ, ಜೊತೆಗಿದ್ದ ಸ್ಟೀರಿಯೋ ಸಿಡಿಯೂ ಹೊಸ ಮಿಶ್ರಣವೇ ಆಗಿತ್ತು. ಸದ್ದು ಅತಿಯಾಯಿತು, ಕಿವಿಗೆ ಚುಚ್ಚುತ್ತದೆ ಎಂದು ಅನೇಕ ಅಭಿಮಾನಿಗಳು ದೂರಿದರು. ಮೂವತ್ತು ವರ್ಷ ಪ್ರೀತಿಸಿದ ಮಿಶ್ರಣ ಬೇಕೆಂದವರು ಹಳೆಯ ಸಿಡಿಗಳ ಬೆನ್ನು ಹತ್ತಬೇಕಾಯಿತು.

ಇದಕ್ಕಿಂತ ಕ್ರೂರವಾದದ್ದು ಓಝಿ ಆಸ್ಬೋರ್ನ್‌ರ ಮೊದಲ ಎರಡು ಆಲ್ಬಮುಗಳ 2002ರ ಮರುಮುದ್ರಣ. ಬೇಸ್ ಗಿಟಾರ್ ನುಡಿಸಿದ ಬಾಬ್ ಡೈಸ್ಲಿ ಮತ್ತು ಡ್ರಮ್ಸ್ ಬಾರಿಸಿದ ಲೀ ಕರ್ಸ್‌ಲೇಕ್ ತಮ್ಮ ರಾಯಧನಕ್ಕಾಗಿ ನ್ಯಾಯಾಲಯಕ್ಕೆ ಹೋಗಿದ್ದರು. ಮರುಮುದ್ರಣದಲ್ಲಿ ಅವರ ನುಡಿಸಾಣಿಕೆಯನ್ನೇ ಅಳಿಸಿ, ಬೇರೆ ಇಬ್ಬರಿಂದ ನುಡಿಸಿ ತುಂಬಲಾಯಿತು. ದುಡಿದವನು ಕೂಲಿ ಕೇಳಿದರೆ ಅವನು ಕಟ್ಟಿದ ಗೋಡೆಯನ್ನೇ ಕೆಡವಿ ಬೇರೆಯವರಿಂದ ಕಟ್ಟಿಸುವ ದರ್ಪವಿದು. ಮೂಲ ನುಡಿಸಾಣಿಕೆ ಮರಳಿ ಬರಲು 2011ರವರೆಗೆ ಕಾಯಬೇಕಾಯಿತು.

ದುಬಾರಿ ಯಂತ್ರ ಕೊಳ್ಳುವವರ ಸಂಕಟಕ್ಕೆ ನಾವೇಕೆ ಅಳಬೇಕು ಎಂದು ಕೆಲವರು ಕೇಳಬಹುದು. ಆದರೆ ಇಂದು ಹಾಡುಗಳು ಜನರಿಗೆ ತಲಪುವುದು ಹೆಚ್ಚಾಗಿ ಮೊಬೈಲಿನ ಮೂಲಕ. ಆಪಲ್ ಮ್ಯೂಸಿಕ್ 2021ರಲ್ಲಿ ಅಟ್ಮೋಸ್ ಹಾಡುಗಳನ್ನು ಆರಂಭಿಸಿತು. ಅಂಥ ರೂಪದಲ್ಲೂ ಲಭ್ಯವಿರುವ ಹಾಡುಗಳಿಗೆ ಶೇಕಡಾ 10ರವರೆಗೆ ಹೆಚ್ಚು ರಾಯಧನ ಕೊಡುವುದಾಗಿ 2024ರ ಜನವರಿಯಲ್ಲಿ ಪ್ರಕಟಿಸಿತು. ಇಂಥ ಆಮಿಷವಿದ್ದಲ್ಲಿ ಅವಸರದ ಕೆಲಸ ನಡೆಯುವುದಿಲ್ಲವೆಂದು ನಂಬುವುದು ಕಷ್ಟ. ಹೊಸ ಮಿಶ್ರಣವೊಂದು ಹಳೆಯದರ ಜಾಗದಲ್ಲಿ ಸದ್ದಿಲ್ಲದೆ ಕುಳಿತರೆ ಮಂಗಳೂರಿನ ಕೇಳುಗನಿಗೂ ದುಬೈಯ ಕೇಳುಗನಿಗೂ ಅದೇ ಗತಿ. ಮನೆಯ ಕಪಾಟಿನಲ್ಲಿರುವ ರೆಕಾರ್ಡನ್ನು ಬದಲಿಸಲು ಕಂಪೆನಿಗೆ ಸಾಧ್ಯವಿರಲಿಲ್ಲ. ಈಗಿನ ಕಪಾಟು ಕಂಪೆನಿಯದ್ದೇ.

ಇನ್ನು ಕೆಲವರು ಕಲಾವಿದನಿಗೆ ತನ್ನ ಕೃತಿಯನ್ನು ತಿದ್ದುವ ಹಕ್ಕಿಲ್ಲವೇ ಎನ್ನುತ್ತಾರೆ. ಖಂಡಿತ ಇದೆ. ಆದರೆ ತಿದ್ದುವ ಹಕ್ಕಿನೊಳಗೆ ಮರೆಮಾಚುವ ಹಕ್ಕು ಸೇರಿಲ್ಲ. ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಿನಲ್ಲಿ 1970ರಲ್ಲಿ 'ಟೀ ಫಾರ್ ದ ಟಿಲ್ಲರ್‌ಮ್ಯಾನ್' ಹಾಡಿದವರು 1977ರಲ್ಲಿ ಇಸ್ಲಾಮ್ ಸ್ವೀಕರಿಸಿ ಯೂಸುಫ್ ಇಸ್ಲಾಮ್ ಆದರು. 2020ರಲ್ಲಿ ಅವರು ಅದೇ ಹಾಡುಗಳನ್ನು ಬೇರೆ ರೀತಿಯಲ್ಲಿ ಹಾಡಬಯಸಿದಾಗ ಹೊಸದಾಗಿ ಮುದ್ರಿಸಿ, ಆಲ್ಬಮಿನ ಹೆಸರಿನ ಮುಂದೆ 2 ಎಂಬ ಅಂಕಿಯನ್ನಿಟ್ಟರು. ಹಳೆಯದು ಹಳೆಯದಾಗಿಯೇ ಉಳಿಯಿತು, ಹೊಸದು ಹೊಸದೆಂದು ಹೇಳಿಕೊಂಡು ಬಂತು. ಒಂದು ಅಂಕಿಯಷ್ಟು ಪ್ರಾಮಾಣಿಕತೆ ಸಾಕಿತ್ತು.

ತಂತ್ರಜ್ಞಾನವನ್ನು ದೂರುವುದು ನಮ್ಮ ಉದ್ದೇಶವಲ್ಲ. ಕಿಂಗ್ ಕ್ರಿಮ್ಸನ್ ತಂಡದ ಆಲ್ಬಮುಗಳನ್ನು 2009ರಿಂದ ಸರೌಂಡಿಗೆ ತಂದ ಸ್ಟೀವನ್ ವಿಲ್ಸನ್ ಹಳೆಯ ಮಿಶ್ರಣಕ್ಕೆ ನಿಷ್ಠರಾಗಿದ್ದು, ಸದ್ದನ್ನು ಹಿಂಡದೆ ಕೆಲಸ ಮಾಡಿದರು. ಆ ಮಾಲೆಯಲ್ಲಿ ಮೂಲ ಮಿಶ್ರಣವನ್ನೂ ಜೊತೆಗೇ ಕೊಡಲಾಯಿತು. ಪಿಂಕ್ ಫ್ಲಾಯ್ಡ್‌ನ 2011ರ ದೊಡ್ಡ ಪೆಟ್ಟಿಗೆಯಲ್ಲಿ ಅಲನ್ ಪಾರ್ಸನ್ಸ್ 1973ರಲ್ಲಿ ಮಾಡಿದ್ದ ನಾಲ್ಕು ಸ್ಪೀಕರಿನ ಮಿಶ್ರಣವೂ ಇತ್ತು. ಅಟ್ಮೋಸ್ ಸಂಗೀತಕ್ಕೆ ಡಾಲ್ಬಿ ವಿಧಿಸಿರುವ ಸದ್ದಿನ ಮಿತಿಯೂ ಏರಿಳಿತಕ್ಕೆ ಸಾಕಷ್ಟು ಜಾಗ ಬಿಡುತ್ತದೆ. ಒಳ್ಳೆಯ ಕೆಲಸಕ್ಕೆ ದಾರಿ ಮುಚ್ಚಿಲ್ಲ, ಮನಸ್ಸು ಬೇಕಷ್ಟೆ.

ಕೇಳುಗನಿಂದ ಸತ್ಯ ಮುಚ್ಚಿಟ್ಟರೆ ಒಳ್ಳೆಯ ಧ್ವನಿಯೂ ರಕ್ಷಿಸುವುದಿಲ್ಲ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪೆನಿಯ ದುಬಾರಿ ಎಲ್‌ಪಿಗಳು ಮೂಲ ಟೇಪಿನಿಂದ ನೇರವಾಗಿ, ಡಿಜಿಟಲ್ ಹಂತವಿಲ್ಲದೆ ತಯಾರಾಗುತ್ತವೆಂದು ಗಿರಾಕಿಗಳು ನಂಬಿದ್ದರು. ನಡುವೆ ಡಿಜಿಟಲ್ ಹಂತವಿದೆ ಎಂಬುದು 2022ರಲ್ಲಿ ಬಯಲಾಯಿತು. ಅವುಗಳ ಧ್ವನಿಯನ್ನು ಹೊಗಳಿದ್ದವರೇ ಸಿಟ್ಟಾದರು. ಎರಡೂವರೆ ಕೋಟಿ ಡಾಲರುಗಳ ಮೊತ್ತಕ್ಕೆ ಮೊಕದ್ದಮೆ ರಾಜಿಯಾಯಿತು. ಗಿರಾಕಿಯನ್ನು ಕೆರಳಿಸಿದ್ದು ಡಿಜಿಟಲ್ ಅಲ್ಲ, ಮುಚ್ಚಿಟ್ಟದ್ದು.

ನಮ್ಮ ಬೇಡಿಕೆ ಸರಳವಾದದ್ದು. ರೀಮಾಸ್ಟರೋ ರೀಮಿಕ್ಸೋ, ಯಾರು ಮಾಡಿದ್ದು, ಯಾವ ಟೇಪಿನಿಂದ ಎಂಬುದನ್ನು ಹೊದಿಕೆಯ ಮೇಲೂ ಮೊಬೈಲಿನ ಪರದೆಯ ಮೇಲೂ ಬರೆಯಲಿ. ಸರೌಂಡ್ ಮೂಲ ಟ್ರ್ಯಾಕುಗಳಿಂದ ಆದದ್ದೋ ಸಾಫ್ಟ್‌ವೇರಿನಿಂದ ಸೀಳಿದ್ದೋ ಹೇಳಲಿ. ಎಷ್ಟು ಹೊಸ ರೂಪಗಳು ಬಂದರೂ ಜನರು ಮೊದಲು ಕೇಳಿದ ಮಿಶ್ರಣ ಕೈಗೆ ಸಿಗುವಂತಿರಲಿ. ಇಷ್ಟನ್ನು ಹೇಳಲು ಹಿಂಜರಿಯುವ ಕಂಪೆನಿಯ ಹೊಳೆಯುವ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬರುವ ಹಕ್ಕು ಕೇಳುಗನಿಗಿದೆ. ರಾಶಿಯೊಳಗೆ ಕೈ ಹಾಕಿ ನೋಡದೆ ಧಾನ್ಯ ಕೊಳ್ಳದವನು, ಹಾಡನ್ನು ಮಾತ್ರ ಹೊದಿಕೆ ನೋಡಿ ಏಕೆ ಕೊಳ್ಳಬೇಕು?