ಎರಡನೇ ವೇಷ ಯಾರದ್ದು?

ನವೆಂಬರಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಕುಂದಾಪುರ, ಬೈಂದೂರು ಕಡೆಯ ಹೋಟೆಲುಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಇವತ್ತ್ ಆಟ ಎಲ್ಲ್ ಮಾರಾಯ್ರೆ?" ಊರು ಗೊತ್ತಾದ ಕೂಡಲೇ ಮುಂದಿನದು, "ಭಾಗ್ವತ್ರ್ ಯಾರ್?" ಪ್ರಸಂಗ ಯಾವುದೆಂಬ ವಿಚಾರಣೆ ಆಮೇಲೆ. ಯಕ್ಷಗಾನದ ಹುಚ್ಚು ಹತ್ತಿದವರು ಕರ್ಣ ಸಾಯುತ್ತಾನೋ ಉಳಿಯುತ್ತಾನೋ ಎಂದು ನೋಡಲು ನಿದ್ದೆಗೆಡುವುದಿಲ್ಲ. ಯಾವ ಪದ್ಯಕ್ಕೆ, ಹೇಗೆ ಸಾಯುತ್ತಾನೆ ಎಂದು ನೋಡಲು ನಿದ್ದೆಗೆಡುತ್ತಾರೆ.

ಮಂದಾರ್ತಿ, ಮಾರಣಕಟ್ಟೆ, ಸೌಕೂರು, ಕಮಲಶಿಲೆ, ಸಾಲಿಗ್ರಾಮ ಮೇಳಗಳ ಬೆನ್ನು ಬಿದ್ದ ಈ ಜನರ ನಡುವೆ ಹೊಸಬನೊಬ್ಬ ಕುಳಿತರೆ ಮೊದಲು ಎಡವುವುದು ಲೆಕ್ಕದಲ್ಲಿ. ಆಟದ ಪ್ರಧಾನ ಪಾತ್ರಧಾರಿಗೆ ಇವರು ಹೇಳುವುದು 'ಎರಡನೇ ವೇಷ'. ಮೊದಲನೆಯವನನ್ನು ಹುಡುಕಿದರೆ ಅವನು ಕುಣಿಯುವವರಲ್ಲಿ ಸಿಗುವುದಿಲ್ಲ. ತಾಳ ಹಿಡಿದು ಹಿಂದೆ ಕುಳಿತು ಪದ್ಯ ಹಾಡುವ ಭಾಗವತನೇ ಮೊದಲ ವೇಷ. ಹೋಟೆಲಿನ ಆ ಪ್ರಶ್ನೆಯ ಮರ್ಮ ಇದು. ಮುಂದೆ ಶ್ರುತಿಯ ಮಾತು ಬಂದರೆ 'ಬಿಳಿ ಐದು', 'ಕಪ್ಪು ಎರಡು' ಎಂದು ಹಾರ್ಮೋನಿಯಂ ಮನೆಗಳ ಹೆಸರು. ಚಂಡೆಯ ಅಬ್ಬರಕ್ಕೆ ಹೊಸಬ ಬೆರಗಾಗಿ ಕುಳಿತಾಗ ಪಕ್ಕದ ಹಿರಿಯರು ಮುಖ ಸಿಂಡರಿಸಿ, "ಮುಕ್ತಾಯ ಸಮ ಬೀಳ್ಲಿಲ್ಲ" ಎಂದು ಗೊಣಗುತ್ತಾರೆ; ಮುಗಿಸುವ ಪೆಟ್ಟುಗಳು ತಾಳಕ್ಕೆ ಕೂಡಲಿಲ್ಲ ಎಂಬ ದೂರು ಅದು. ಕುಳಿತದ್ದು ಒಂದೇ ಚಾಪೆ, ನೋಡಿದ್ದು ಬೇರೆ ಬೇರೆ ಆಟ.

ಬ್ರಹ್ಮಾವರದ ಮಗ್ಗುಲಲ್ಲೇ ಹಾರಾಡಿ ಇದೆ, ಮಟಪಾಡಿಯೂ ಇದೆ. ಹೊರಗಿನವರ ಕಣ್ಣಿಗೆ ಈ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟು ಒಂದೇ. ಒಳಗಿನವರಿಗೆ ಅದರೊಳಗೆ ಈ ಎರಡು ಊರುಗಳ ಹೆಸರಿನ ಎರಡು ತಿಟ್ಟು. ಹಾರಾಡಿ ರಾಮ ಗಾಣಿಗರ ಕರ್ಣನ ಗಾಂಭೀರ್ಯ ದೊಡ್ಡದೋ, ಮಟಪಾಡಿ ವೀರಭದ್ರ ನಾಯಕರ ಹೆಜ್ಜೆಗಾರಿಕೆ ದೊಡ್ಡದೋ ಎಂಬ ತಗಾದೆ ಇಬ್ಬರೂ ಹೋದ ಮೇಲೂ ಮುಗಿದಿಲ್ಲ. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡರು. ಆಗಿನ್ನೂ ಹುಟ್ಟದಿದ್ದ ಹುಡುಗರೂ ಈಗಿನ ಭಾಗವತರನ್ನು ನಾವಡರ ಜತೆಗಿಟ್ಟು ತೂಗುತ್ತಾರೆ. ಅಭಿಮಾನ ಕೆಲವೊಮ್ಮೆ ಅತಿಯಾಗುತ್ತದೆ ಎನ್ನದೆ ವಿಧಿಯಿಲ್ಲ.

ಈ ಪರಿಭಾಷೆ ಪರಕೀಯರಿಗೆ ದಕ್ಕದು ಎನ್ನುವವರಿಗೆ ಮಾರ್ತಾ ಆಶ್ಟನ್ ಉತ್ತರ. 1970ರ ಆಸುಪಾಸಿನಲ್ಲಿ ಅಮೆರಿಕದಿಂದ ಉಡುಪಿಗೆ ಬಂದ ಈಕೆ ಹಿರಿಯಡ್ಕ ಗೋಪಾಲ ರಾಯರಲ್ಲಿ ಯಕ್ಷಗಾನ ಕಲಿತರು. ರಾಯರು ಎತ್ತರದ ಶ್ರುತಿಯ ಏರು ಮದ್ದಳೆಯನ್ನು ಬಳಕೆಗೆ ತಂದ ಮದ್ದಳೆಗಾರರು, 2020ರಲ್ಲಿ ನೂರು ದಾಟಿ ತೀರಿಕೊಂಡವರು. ಬರೀ ಟಿಪ್ಪಣಿ ಬರೆದುಕೊಂಡು ಹೋಗದೆ ಆಶ್ಟನ್ ತಾಳ ಬಾಯಲ್ಲಿ ಹೇಳಿಸಿಕೊಂಡರು, ಹೆಜ್ಜೆ ಹಾಕಿದರು. ಬ್ರೂಸ್ ಕ್ರಿಸ್ಟಿ ಜತೆ ಅವರು ಬರೆದ ಇಂಗ್ಲಿಷ್ ಪುಸ್ತಕ 1977ರಲ್ಲಿ ಬಂತು.

ಕೋಟದ ಶಿವರಾಮ ಕಾರಂತರದು ಇನ್ನೊಂದು ದಾರಿ. 'ಯಕ್ಷಗಾನ ಬಯಲಾಟ' ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು, ತಮ್ಮ ಪ್ರಯೋಗಗಳಲ್ಲಿ ಮಾತನ್ನು ಬಿಟ್ಟು ಪಿಟೀಲು, ಸ್ಯಾಕ್ಸೊಫೋನ್ ತಂದರು. ಕನ್ನಡ ಬಾರದವರಿಗೆ ಹಾದಿ ಸಲೀಸಾಯಿತು. ಪಾತ್ರಧಾರಿಗಳ ಮಾತುಗಾರಿಕೆಯ, ಅಂದರೆ ಅರ್ಥಗಾರಿಕೆಯ, ರುಚಿ ಕಂಡವರಿಗೆ ಮಾತ್ರ ಅದು ಸಪ್ಪೆ. ಹೊರಗಿನವರಿಗಾಗಿ ಆಟವನ್ನು ಹಗುರ ಮಾಡುವುದಕ್ಕಿಂತ ಅವರನ್ನು ಪಕ್ಕ ಕೂರಿಸಿಕೊಂಡು ಹೇಳಿಕೊಡುವುದೇ ಮೇಲು. ಗೋಪಾಲ ರಾಯರು ಮಾಡಿದ್ದು ಅದನ್ನೇ.

ಹಳಬರಲ್ಲಿ ಒಂದು ಅರಿಕೆ: ಪಕ್ಕದವರು ತಪ್ಪಾದಲ್ಲಿ ಚಪ್ಪಾಳೆ ತಟ್ಟಿದರೆ ನಗಬೇಡಿ, ಯಾಕೆಂದು ಬಿಡಿಸಿ ಹೇಳಿ. ಹೊಸಬರು ಕಥೆಗೆ ಮುಂಚಿನ ಪೂರ್ವರಂಗದ ಹೊತ್ತಿಗೇ ಬನ್ನಿ, ವೇಷ ಕಟ್ಟುವ ಚೌಕಿಗೊಮ್ಮೆ ಹೋಗಿ ಬಣ್ಣ ಬರೆಯುವುದನ್ನೂ ನೋಡಿ. ಹರಕೆ ತೀರಿಸಲು ಭಕ್ತರು ಆಡಿಸುವ ಆಟಕ್ಕೆ ಟಿಕೆಟ್ ಇಲ್ಲ.