ಗೀರು ಕಾಣುವ ಕಣ್ಣಿಗೆ ಐಎಸ್‌ಐ ಗುರುತು ಕಾಣದೇ?

2024ರ ಜನವರಿಯಲ್ಲಿ ಅಮೆಜಾನ್‌ನ ಅಮೆರಿಕದ ತಾಣದಲ್ಲಿ ಕಂದು ಬಣ್ಣದ ಡ್ರಾಯರ್ ಪೆಟ್ಟಿಗೆಯೊಂದು ಮಾರಾಟಕ್ಕಿತ್ತು. ಹೆಸರಿನ ಜಾಗದಲ್ಲಿ ಇದ್ದದ್ದು ಒಂದು ಕ್ಷಮಾಪಣೆ: ಈ ಕೋರಿಕೆ ಪೂರೈಸಲಾರೆ, ಇದು ಓಪನ್‌ಎಐ ನೀತಿಗೆ ವಿರುದ್ಧ. ಕೊನೆಗೊಂದು ಅಡ್ಡಗೆರೆ, ಅದರ ಮುಂದೆ ‘ಕಂದು’. ಹೆಸರು ಬರೆದುಕೊಡು ಎಂದು ಮಾರಾಟಗಾರ ಚಾಟ್‌ಬಾಟ್‌ಗೆ ಹೇಳಿದ್ದಿರಬೇಕು. ಅದು ಒಲ್ಲೆ ಎಂದಿತು. ಆ ಒಲ್ಲೆಯೇ ಹೆಸರಾಗಿ ಅಂಗಡಿಗೆ ಬಂತು. ತಡೆಯಬೇಕಿದ್ದ ಕಂಪನಿಯ ಯಂತ್ರಕ್ಕೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮಾಧ್ಯಮಗಳು ನಕ್ಕು ಬರೆದ ಮೇಲೆ ಅಂಥ ಪುಟಗಳು ಮಾಯವಾದವು.

ಅದೇ ವರ್ಷದ ಜೂನ್‌ನಲ್ಲಿ ಅದೇ ಕಂಪನಿ ‘ಪ್ರಾಜೆಕ್ಟ್ ಪಿ.ಐ.’ ಎಂಬ ಹೊಸ ಪತ್ತೇದಾರನನ್ನು ಜಗತ್ತಿಗೆ ಪರಿಚಯಿಸಿತು. ಉತ್ತರ ಅಮೆರಿಕದ ಗೋದಾಮುಗಳಲ್ಲಿ ಸರಕು ರವಾನೆಗೆ ಮುನ್ನ ಕ್ಯಾಮೆರಾಗಳ ಸುರಂಗವೊಂದರ ಮೂಲಕ ಸಾಗುತ್ತದೆ. ಪುಸ್ತಕದ ರಟ್ಟು ಮಡಚಿದೆಯೇ, ಬಣ್ಣ ಬದಲಾಗಿದೆಯೇ, ಅಳತೆ ಸರಿಯಿದೆಯೇ ಎಂದು ಕೃತಕ ಬುದ್ಧಿಮತ್ತೆ ನೋಡುತ್ತದೆ. ಅನುಮಾನ ಬಂದದ್ದು ಪಕ್ಕಕ್ಕೆ ಸರಿಯುತ್ತದೆ. ಒಳ್ಳೆಯ ಕೆಲಸವೇ. ಆದರೆ ಈ ಸುರಂಗ ಹಿಡಿಯುವುದು ಯಾವ ದೋಷವನ್ನು? ಗ್ರಾಹಕ ಪೊಟ್ಟಣ ಬಿಚ್ಚಿದ ಕೂಡಲೇ ಕಂಡು, ವಾಪಸ್ ಕಳಿಸುವಂಥದ್ದನ್ನು. ವಾಪಸಾತಿಯ ಖರ್ಚು ಬೀಳುವುದು ಕಂಪನಿ ಮತ್ತು ಮಾರಾಟಗಾರರ ಮೇಲೆ.

ಕುಕ್ಕರಿನ ವಿಷಯ ಬೇರೆ. ಸೇಫ್ಟಿ ವಾಲ್ವ್ ಸರಿಯಾದ ಒತ್ತಡಕ್ಕೆ ಬಿಟ್ಟುಕೊಳ್ಳುತ್ತದೋ ಇಲ್ಲವೋ ಫೋಟೊದಲ್ಲಿ ಕಾಣುವುದಿಲ್ಲ. ಪೊಟ್ಟಣ ಬಿಚ್ಚಿದಾಗ ಫಳಫಳ ಹೊಳೆಯುತ್ತಿರುತ್ತದೆ, ಮೊದಲ ತಿಂಗಳು ಚೆನ್ನಾಗಿಯೇ ಕೂಗುತ್ತದೆ. ಅದಕ್ಕೆಂದೇ ಐಎಸ್ 2347 ಎಂಬ ಮಾನದಂಡ ಇದೆ, 2021ರ ಫೆಬ್ರುವರಿಯಿಂದ ಐಎಸ್‌ಐ ಗುರುತು ಕಡ್ಡಾಯವೂ ಆಗಿದೆ. ಆಮೇಲೂ ಅಮೆಜಾನ್ ಮೂಲಕ 2,265, ಫ್ಲಿಪ್‌ಕಾರ್ಟ್ ಮೂಲಕ 598 ನಿಯಮಬಾಹಿರ ಕುಕ್ಕರುಗಳು ಮಾರಾಟವಾದವು. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಬ್ಬರಿಗೂ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಆ ಕುಕ್ಕರುಗಳಿಂದ ಅಮೆಜಾನ್‌ಗೆ ಬಂದ ಶುಲ್ಕವೇ ಆರು ಲಕ್ಷಕ್ಕೂ ಮೇಲೆ! ಕಂಪನಿ ಅಷ್ಟು ದಂಡವನ್ನೂ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು.

ಪಾಠ ಕಲಿತಂತಿಲ್ಲ. 2025ರ ಮಾರ್ಚ್ 19ರಂದು ಭಾರತೀಯ ಮಾನಕ ಬ್ಯೂರೊದ ಅಧಿಕಾರಿಗಳು ದೆಹಲಿಯ ಮೋಹನ್ ಕೈಗಾರಿಕಾ ಪ್ರದೇಶದಲ್ಲಿದ್ದ ಅಮೆಜಾನ್ ಸೆಲ್ಲರ್ಸ್ ಗೋದಾಮನ್ನು 15 ಗಂಟೆ ಜಾಲಾಡಿ, ಗೀಸರ್, ಮಿಕ್ಸರ್ ಸೇರಿ 3,500ಕ್ಕೂ ಹೆಚ್ಚು ವಸ್ತುಗಳನ್ನು ಹೊತ್ತೊಯ್ದರು. ಐಎಸ್‌ಐ ಗುರುತು ಇಲ್ಲದವು, ಇದ್ದರೂ ನಕಲಿಯಾದವು. ದೆಹಲಿಯದೇ ತ್ರಿನಗರದ ಫ್ಲಿಪ್‌ಕಾರ್ಟ್ ಬಳಗದ ಗೋದಾಮಿನಲ್ಲಿ 590 ಜೊತೆ ಬೂಟು ಸಿಕ್ಕವು. ಹಿಡಿದದ್ದು ಯಂತ್ರವಲ್ಲ, ರಟ್ಟಿನ ಪೆಟ್ಟಿಗೆ ಬಿಚ್ಚಿ ನೋಡಿದ ಸರ್ಕಾರಿ ನೌಕರರು.

ಲಕ್ಷಾಂತರ ಮಾರಾಟಗಾರರ ಕೋಟ್ಯಂತರ ಸರಕನ್ನು ಒಂದೊಂದಾಗಿ ನೋಡಲು ಯಾರಿಗೂ ಆಗದು, ಆದ್ದರಿಂದಲೇ ಯಂತ್ರ ಬೇಕು ಎಂಬುದು ಕಂಪನಿಗಳ ವಾದ. ಒಪ್ಪೋಣ. ಆದರೆ ಅದೇ ಯಂತ್ರ ಬ್ರ್ಯಾಂಡುಗಳ ಹೆಸರು ಕದಿಯುವ ಪಟ್ಟಿಗಳ ವಿಷಯದಲ್ಲಿ ಭಾರಿ ಚುರುಕು. ಸಂಶಯಾಸ್ಪದವಾದವುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚನ್ನು ದೂರು ಬರುವ ಮೊದಲೇ ತಡೆಯುತ್ತೇವೆಂದು ಅಮೆಜಾನ್ ಬೆನ್ನು ತಟ್ಟಿಕೊಳ್ಳುತ್ತದೆ. (ಯಾರಿಗೂ ಸಂಶಯವೇ ಬಾರದೆ ನುಸುಳಿದ್ದು ಈ ಲೆಕ್ಕಕ್ಕೆ ಸೇರದು.) ದೊಡ್ಡ ಬ್ರ್ಯಾಂಡಿನ ಹಿಂದೆ ವಕೀಲರ ದಂಡಿರುತ್ತದೆ, ಗೀಸರ್ ಕೊಂಡವನ ಹಿಂದೆ ಯಾರಿರುತ್ತಾರೆ?

ಕಾನೂನಿನ ಮುಂದೆ ನಿಂತಾಗ ಮಾತೇ ಬೇರೆ. ಇಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಹಿಡಿದು ‘ನಾವು ಬರೀ ಮಧ್ಯವರ್ತಿ’ ಎನ್ನುವುದು ಈ ಉದ್ಯಮದ ಹಳೆಯ ರಕ್ಷಣೆ. ಅಮೆರಿಕದಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಸದ್ದು ಮಾಡದ ಕಾರ್ಬನ್ ಮೊನಾಕ್ಸೈಡ್ ಪತ್ತೆ ಸಾಧನ, ಶಾಕ್ ತಡೆಯಿಲ್ಲದ ಹೇರ್ ಡ್ರೈಯರ್ ಸೇರಿ ನಾಲ್ಕು ಲಕ್ಷಕ್ಕೂ ಹೆಚ್ಚು ವಸ್ತುಗಳ ವಿಷಯದಲ್ಲಿ ಅಮೆಜಾನ್ ‘ವಿತರಕ’, ಹೊಣೆ ಅದರದ್ದೇ ಎಂದು 2024ರ ಜುಲೈನಲ್ಲಿ ಹೇಳಿತು. ತಾನು ಸಾಗಣೆ ಸೇವೆ ಕೊಡುವವ ಮಾತ್ರ ಎಂದು ಕಂಪನಿ 2025ರ ಮಾರ್ಚ್‌ನಲ್ಲಿ ಕೋರ್ಟಿಗೆ ಹೋಯಿತು. ಎಲ್ಲವನ್ನೂ ನೋಡಬಲ್ಲೆ ಎಂದು ಜಾಹೀರಾತಿನಲ್ಲಿ ಹೇಳುವವರು ನ್ಯಾಯಾಲಯದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲು ಬಿಡಬಾರದು.

ಕುಕ್ಕರಿನ ತಡೆಗೆ ಕೃತಕ ಬುದ್ಧಿಯೂ ಬೇಕಿರಲಿಲ್ಲ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಮಾನಕ ಬ್ಯೂರೊದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಪರವಾನಗಿ, ಜಾರಿಯಲ್ಲಿದೆಯೇ ಎಂಬುದು ಯಾರಿಗೂ ತಿಳಿಯುತ್ತದೆ. ಫ್ಲಿಪ್‌ಕಾರ್ಟ್, ಮೀಶೊ ಎರಡರ ಪ್ರಧಾನ ಕಚೇರಿಯೂ ಬೆಂಗಳೂರಿನಲ್ಲೇ ಇದೆ. ಸಂಖ್ಯೆ ತಾಳೆಯಾಗದಿದ್ದರೆ ಸರಕು ಪಟ್ಟಿಗೇ ಏರದಂತೆ ಮಾಡುವುದು ಅಲ್ಲಿನ ಎಂಜಿನಿಯರುಗಳಿಗೆ ದೊಡ್ಡ ಕೆಲಸವಲ್ಲ. ಕಡ್ಡಾಯ ಮಾಡಬೇಕಾದದ್ದು ಕೇಂದ್ರ ಸರ್ಕಾರ. ಮಾರಾಟಗಾರ ಕೈಕೊಟ್ಟು ಗ್ರಾಹಕನಿಗೆ ನಷ್ಟವಾದರೆ ವೇದಿಕೆಯೇ ಹೊಣೆ ಹೊರಬೇಕೆಂಬ ಕರಡು ನಿಯಮವನ್ನು ಅದು 2021ರ ಜೂನ್‌ನಲ್ಲೇ ಪ್ರಕಟಿಸಿತ್ತು. ಉದ್ಯಮದ ಆಕ್ಷೇಪ ಎದ್ದ ಮೇಲೆ ಅದು ಮೂಲೆ ಸೇರಿತು. ಅದನ್ನು ಹೊರತೆಗೆದು, ಪರವಾನಗಿ ಸಂಖ್ಯೆಯ ಷರತ್ತನ್ನೂ ಸೇರಿಸಿ, ದಂಡವನ್ನು ಕಂಪನಿ ಗಳಿಸಿದ ಶುಲ್ಕದ ಹಲವು ಪಟ್ಟು ಮಾಡಿ ಅಧಿಸೂಚನೆ ಹೊರಡಿಸಲಿ.